30,000 ರೂಪಾಯಿಯೊಳಗೆ ಅಪ್ಪಯ್ಯನಿಗೊಂದು ಟಿವಿ

ಶಿರಸಿ ಹತ್ತಿರದ ನಮ್ಮ ಊರಿನ ಮನೆಗೆ ಹೊಸ ಟಿವಿ ತರಲು ಹಾಕಿಕೊಂಡ ಮಿತಿ 30,000 ರೂಪಾಯಿ. ಗೋಡೆಗೆ ಕೂರಿಸುವ ಸ್ಟ್ಯಾಂಡಿನಿಂದ ಹಿಡಿದು ಸ್ಪೈಕ್ ಗಾರ್ಡ್‌ವರೆಗೆ ಎಲ್ಲ ಖರ್ಚೂ ಅದರೊಳಗೇ ಮುಗಿಯಬೇಕಿತ್ತು. ಈ ಮೊತ್ತಕ್ಕೆ ಸಿಗುವ ಟಿವಿಗಳಿಗೆ ಇಂದು ಕೊರತೆಯಿಲ್ಲ. ಆದರೆ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಹತ್ತಾರು ವಿಶೇಷಗಳಲ್ಲಿ ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ತೀರ್ಮಾನಿಸುವುದು ಸುಲಭವಲ್ಲ.

ಆ ತೀರ್ಮಾನಕ್ಕೆ ದಾರಿ ತೋರಿಸಿದವರು ನಮ್ಮ ಹಳೆಯ ಟಿವಿಯನ್ನು ನೋಡಲು ಬಂದ ರಿಪೇರಿಯವರು. ಅದರ ಪರದೆಯ ತುಂಬ ಉದ್ದುದ್ದ ಗೆರೆಗಳು ಬಿದ್ದಿದ್ದವು. ಹಿಂದಿನ ಎಲ್‌ಇಡಿ ಪಟ್ಟಿ ಸುಟ್ಟರೆ ಬೇರೆ ಹಾಕಬಹುದು, ಪವರ್ ಬೋರ್ಡ್ ಹೋದರೆ ಸರಿಮಾಡಬಹುದು, ಸ್ಪೀಕರಂತೂ ದೊಡ್ಡ ಮಾತೇ ಅಲ್ಲ, ಆದರೆ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆಯೇ ಹೋದರೆ ಅದಕ್ಕೆ ಕೊಡುವ ದುಡ್ಡಿಗೆ ಇನ್ನೊಂಚೂರು ಸೇರಿಸಿದರೆ ಹೊಸ ಟಿವಿಯೇ ಬರುತ್ತದೆ ಎಂದು ಅವರು ಹೇಳಿದರು. ಈ ಮಾತು ದುರಸ್ತಿಗೆ ಎಷ್ಟು ಸತ್ಯವೋ ಖರೀದಿಗೂ ಅಷ್ಟೇ ಸತ್ಯ. ಟಿವಿಯ ಸ್ಮಾರ್ಟ್ ವ್ಯವಸ್ಥೆ ನಿಧಾನವಾದರೆ ಯೂಟ್ಯೂಬಿನಂಥ ಆ್ಯಪ್‌ಗಳನ್ನು ತಾನೇ ಓಡಿಸುವ ಮೂರರಿಂದ ಐದು ಸಾವಿರ ರೂಪಾಯಿಯ ಸ್ಟಿಕ್ ಒಂದನ್ನು ಸಿಕ್ಕಿಸಿ ಸುಧಾರಿಸಿಕೊಳ್ಳಬಹುದು. ಧ್ವನಿ ಸಾಲದಿದ್ದರೆ ಸೌಂಡ್‌ಬಾರ್ ಜೋಡಿಸಬಹುದು. ಪ್ಯಾನೆಲ್ ಮಾತ್ರ ಕೊಂಡ ದಿನ ಹೇಗಿರುತ್ತದೆಯೋ ಕೊನೆಯವರೆಗೂ ಹಾಗೆಯೇ ಇರುತ್ತದೆ. ಆದ್ದರಿಂದ ಹಣದ ದೊಡ್ಡ ಪಾಲು ಪ್ಯಾನೆಲ್ಲಿಗೆ, ಎರಡನೆಯ ಪಾಲು ಹತ್ತಿರದಲ್ಲೇ ಸಿಗುವ ಸರ್ವಿಸ್‌ಗೆ, ಉಳಿದದ್ದೆಲ್ಲ ಆಮೇಲೆ ಎಂಬ ಕ್ರಮವನ್ನು ನಾನು ಕೊನೆಯತನಕ ಪಾಲಿಸಿದೆ.

ಪ್ಯಾನೆಲ್ ಹೇಗಿರಬೇಕು ಎಂದು ತಿಳಿಯಲು ಮನೆಯಲ್ಲಿ ನಿಜವಾಗಿ ನೋಡುವುದೇನು ಎಂಬುದನ್ನು ಮೊದಲು ಗಮನಿಸಬೇಕಾಯಿತು. ಅಮ್ಮ ಸಂಜೆಯ ಧಾರಾವಾಹಿಗಳನ್ನು ನೋಡುತ್ತಾರೆ, ಅಪ್ಪಯ್ಯ ವಾರ್ತೆಯನ್ನೂ ಕ್ರಿಕೆಟ್ಟನ್ನೂ ನೋಡುತ್ತಾರೆ. ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ. ಧಾರಾವಾಹಿ ಮತ್ತು ವಾರ್ತೆ ಬರುವುದು ಡಿಶ್ ಮೂಲಕ, ಅದರಲ್ಲಿಯೂ ಹೆಚ್ಚಿನವು ಸಾಮಾನ್ಯ ಎಸ್‌ಡಿ ಚಾನೆಲ್‌ಗಳು. ಎಸ್‌ಡಿ ಚಿತ್ರದ ಪೂರ್ಣ ಅಳತೆ 720×576 ಚುಕ್ಕೆಗಳು. 4ಕೆ ಪರದೆಯಲ್ಲಿರುವುದು 3840×2160 ಚುಕ್ಕೆಗಳು. ಲೆಕ್ಕ ಹಾಕಿದರೆ ಎರಡನೆಯದು ಮೊದಲನೆಯದರ ಸರಿಯಾಗಿ 20 ಪಟ್ಟು. ಅಂದರೆ ಎಸ್‌ಡಿ ಧಾರಾವಾಹಿಯೊಂದನ್ನು 4ಕೆ ಟಿವಿಯಲ್ಲಿ ನೋಡುವಾಗ ಪರದೆಯ ಪ್ರತಿ 20 ಚುಕ್ಕೆಗಳಲ್ಲಿ 19ನ್ನು ಟಿವಿಯೊಳಗಿನ ಪ್ರೊಸೆಸರ್ ತಾನೇ ಅಂದಾಜಿಸಿ ತುಂಬುತ್ತಿರುತ್ತದೆ. ಈ ಅಂದಾಜು ಕೆಟ್ಟದಾಗಿದ್ದರೆ ಮುಖಗಳು ಮೇಣದಂತೆ ನುಣುಪಾಗಿ, ಸೀರೆಯ ಅಂಚು ಗರಗಸದ ಹಲ್ಲಿನಂತೆ ಮುರಿದು ಕಾಣುತ್ತದೆ. ಅಂಗಡಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಓಡುತ್ತಿರುವುದು ತಯಾರಕರೇ ಕೊಟ್ಟ, 4ಕೆಯಲ್ಲಿಯೇ ಚಿತ್ರಿಸಿದ ಹೂವು, ಜಲಪಾತ, ಗಿಳಿಗಳ ದೃಶ್ಯ.

ಹಾಗಾದರೆ 4ಕೆ ಬೇಡವೇ ಎಂದು ನಾನೂ ಯೋಚಿಸಿದೆ. ನಮ್ಮ ಜಗುಲಿಯಲ್ಲಿ ಅಪ್ಪಯ್ಯನ ಕುರ್ಚಿಯಿಂದ ಗೋಡೆಗೆ ಸುಮಾರು ಎಂಟು ಅಡಿ ಅಂತರವಿದೆ. ಒಳ್ಳೆಯ ದೃಷ್ಟಿಯಿರುವವರು ಕೂಡ 43 ಇಂಚಿನ ಫುಲ್ ಎಚ್‌ಡಿ ಪರದೆಯಿಂದ ಸುಮಾರು ಐದೂವರೆ ಅಡಿಗಿಂತ ದೂರ ಕುಳಿತರೆ ಅಕ್ಕಪಕ್ಕದ ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಲಾರರು. ಎಂಟು ಅಡಿಯಿಂದ ಆ ಗಾತ್ರದಲ್ಲಿ 4ಕೆಯ ಹೆಚ್ಚುವರಿ ಚುಕ್ಕೆಗಳು ಬಹುಮಟ್ಟಿಗೆ ವ್ಯರ್ಥ. ಆದರೂ ಕೊನೆಗೆ 4ಕೆಯನ್ನೇ ಆರಿಸಿದೆ, ಅದಕ್ಕೆ ಕಾರಣ ಬೇರೆ. ನಾನು ನೋಡಿದ 43 ಇಂಚಿನ ಟಿವಿಗಳಲ್ಲಿ ಸುಧಾರಿಸಿದ ಪ್ರೊಸೆಸರ್ ಮತ್ತು ಉತ್ತಮ ಪ್ಯಾನೆಲ್ ಇದ್ದದ್ದು 4ಕೆ ಮಾದರಿಗಳಲ್ಲಿ. ಫುಲ್ ಎಚ್‌ಡಿ ಮಾದರಿಗಳಲ್ಲಿ ಚುಕ್ಕೆಗಳ ಜೊತೆಗೆ ಉಳಿದೆಲ್ಲವನ್ನೂ ಕಡಿತಗೊಳಿಸಿದ್ದರು.

ಗಾತ್ರದ ವಿಷಯದಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. 32 ಇಂಚಿನಿಂದ 43 ಇಂಚಿಗೆ ಹೋದರೆ ಕೇಳಲು 11 ಇಂಚು ಮಾತ್ರ ಹೆಚ್ಚು, ಆದರೆ ಪರದೆಯ ವಿಸ್ತೀರ್ಣ ಶೇ. 80ರಷ್ಟು ಹೆಚ್ಚುತ್ತದೆ, ವಾರ್ತೆಯ ಕೆಳಸಾಲನ್ನು ಕನ್ನಡಕವಿಲ್ಲದೆ ಓದಬಯಸುವ ಹಿರಿಯರಿರುವ ಮನೆಯಲ್ಲಿ ಇದು ದೊಡ್ಡ ಲಾಭ. 55 ಇಂಚು ನಮ್ಮ ಅಂತರಕ್ಕೆ ಹೊಂದುತ್ತಿತ್ತಾದರೂ ಅದೇ ಹಣಕ್ಕೆ ಸಿಗುವ 55 ಇಂಚಿನಲ್ಲಿ ಪ್ಯಾನೆಲ್ಲಿನ ಗುಣಮಟ್ಟವನ್ನು ಬಿಟ್ಟುಕೊಡಬೇಕಾಗುತ್ತದೆ. ಎಸ್‌ಡಿ ಚಿತ್ರವನ್ನು ದೊಡ್ಡದು ಮಾಡಿದಷ್ಟೂ ಅದರ ಕೊರತೆಗಳು ಎದ್ದು ಕಾಣುತ್ತವೆ ಎಂಬುದನ್ನೂ ಮರೆಯುವಂತಿಲ್ಲ.

ನಾನು ಅತ್ಯಂತ ಹೆಚ್ಚು ಸಮಯ ಕೊಟ್ಟದ್ದು ಪ್ಯಾನೆಲ್ಲಿನ ಬಗೆಯ ಆಯ್ಕೆಗೆ. ನಾವು ಎಲ್‌ಇಡಿ ಟಿವಿ ಎಂದು ಕರೆಯುವುದೆಲ್ಲ ವಾಸ್ತವದಲ್ಲಿ ಎಲ್‌ಸಿಡಿ ಪರದೆಯೇ. ಎಲ್‌ಇಡಿ ಇರುವುದು ಹಿಂದಿನಿಂದ ಬೆಳಕು ಚೆಲ್ಲಲು. ಈ ಬೆಲೆಯಲ್ಲಿ ಆ ಹಿಂಬೆಳಕು ಇಡೀ ಪರದೆಗೆ ಒಂದೇ ಸಮನೆ ಉರಿಯುತ್ತದೆಯಾದ್ದರಿಂದ ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಎನ್ನುವುದು ಪ್ಯಾನೆಲ್ ಆ ಬೆಳಕನ್ನು ಎಷ್ಟು ಚೆನ್ನಾಗಿ ತಡೆಯುತ್ತದೆ ಎಂಬುದನ್ನೇ ಅವಲಂಬಿಸಿದೆ. ಸಾಮಾನ್ಯವಾಗಿ ಸಿಗುವ ಎರಡು ಬಗೆಗಳಲ್ಲಿ ವಿಎ ಪ್ಯಾನೆಲ್ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಅತಿ ಬಿಳಿ ಮತ್ತು ಅತಿ ಕಪ್ಪಿನ ನಡುವಿನ ಅನುಪಾತ ಅದರಲ್ಲಿ 3000:1ರಿಂದ 5000:1ರ ಆಸುಪಾಸಿನಲ್ಲಿದ್ದರೆ ಐಪಿಎಸ್‌ನಲ್ಲಿ ಅದು ಸುಮಾರು 1000:1. ಆದರೆ ಐಪಿಎಸ್ ಪರದೆಯನ್ನು ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ವಿಎ ಪರದೆ ಪಕ್ಕದಿಂದ ನೋಡುವವರಿಗೆ ಮಾಸಿದಂತೆ ಕಾಣುತ್ತದೆ. ಜೊತೆಗೆ ಅಗ್ಗದ ವಿಎ ಪ್ಯಾನೆಲ್‌ಗಳಲ್ಲಿ ಕತ್ತಲೆಯ ಹಿನ್ನೆಲೆಯಲ್ಲಿ ಏನಾದರೂ ವೇಗವಾಗಿ ಚಲಿಸಿದರೆ ಅದರ ಹಿಂದೆ ಮಸಿ ಎಳೆದಂತೆ ನೆರಳು ಬರುವುದೂ ಉಂಟು.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಎಲ್ಲ ಮನೆಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಕೋಣೆಯ ಮೂರು ಬದಿಗೂ ಜನ ಕುಳಿತು ಹಗಲು ಹೊತ್ತಿನಲ್ಲಿಯೇ ಹೆಚ್ಚು ನೋಡುವ ಮನೆಗೆ ಐಪಿಎಸ್ ಸರಿಯಾದೀತು. ನಮ್ಮಲ್ಲಿ ದಿನನಿತ್ಯ ನೋಡುವ ಇಬ್ಬರೂ ಬಹುತೇಕ ಎದುರಿಗೇ ಕೂರುತ್ತಾರೆ ಮತ್ತು ಅಪ್ಪಯ್ಯ ಯಕ್ಷಗಾನ ನೋಡುವುದು ರಾತ್ರಿ, ದೀಪ ಕಡಿಮೆ ಮಾಡಿಕೊಂಡು. ಹಾಗಾಗಿ ಕಪ್ಪಿಗೇ ಹೆಚ್ಚು ಬೆಲೆ ಕೊಟ್ಟೆ. ಪ್ಯಾನೆಲ್ ಯಾವ ಬಗೆಯದೆಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಅಪರೂಪ. ಒಂದೇ ಮಾದರಿಯಲ್ಲಿಯೂ ಬೇರೆ ಬೇರೆ ಸಲ ತಯಾರಾದ ಟಿವಿಗಳಿಗೆ ಬೇರೆ ಪ್ಯಾನೆಲ್ ಬರುವುದಿದೆ. ನೆಚ್ಚಬಹುದಾದ ದಾರಿಯೆಂದರೆ ಕತ್ತಲ ದೃಶ್ಯವೊಂದನ್ನು ಹಾಕಿಸಿ ಮೊದಲು ಎದುರು ನಿಂತು, ಬಳಿಕ ಪಕ್ಕಕ್ಕೆ ಸರಿದು ನೋಡುವುದು.

ಇದಕ್ಕಾಗಿ ಪೆನ್‌ಡ್ರೈವ್ ಒಂದರಲ್ಲಿ ಮನೆಯ ಅಳತೆಗೋಲುಗಳನ್ನೇ ಒಯ್ದಿದ್ದೆ: ಬಡಗುತಿಟ್ಟಿನ ಯಕ್ಷಗಾನದ ಆಟವೊಂದರ ತುಣುಕು, ಎಸ್‌ಡಿ ಗುಣಮಟ್ಟದ ಒಂದು ಹಳೆಯ ವೀಡಿಯೊ ಮತ್ತು ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಕೆಂಪಿನ ಚಿತ್ರಗಳು. ಟಿವಿಯನ್ನು ಪರೀಕ್ಷಿಸಲು ರಾತ್ರಿಯಾಟಕ್ಕಿಂತ ಒಳ್ಳೆಯ ದೃಶ್ಯ ನನಗೆ ಇನ್ನೂ ಸಿಕ್ಕಿಲ್ಲ. ಹಿನ್ನೆಲೆ ಪೂರ್ತಿ ಕತ್ತಲೆ, ಅದರ ಮುಂದೆ ಚಿನ್ನದ ಬಣ್ಣದ ಕಿರೀಟ, ಎದೆಕಟ್ಟು, ಭುಜಕೀರ್ತಿ. ಚೌಕುಳಿಯ ಸೀರೆಯ ಸಣ್ಣ ಸಣ್ಣ ಮನೆಗಳು ಚುಕ್ಕೆ ತುಂಬುವ ಪ್ರೊಸೆಸರಿನ ಯೋಗ್ಯತೆಯನ್ನು ಕ್ಷಣದಲ್ಲಿ ತೋರಿಸುತ್ತವೆ. ವೇಷಧಾರಿ ಮಂಡಿಯಲ್ಲಿ ಗಿರಗಿರನೆ ತಿರುಗುವಾಗ ಚಲನೆಯ ಮಸುಕು ಎಷ್ಟೆಂದು ತಿಳಿಯುತ್ತದೆ. ಶಿರಸಿ ಪೇಟೆಯ ಅಂಗಡಿಯಲ್ಲಿ ಒಂದೇ ಬೆಲೆಯ ಎರಡು ಟಿವಿಗಳಿಗೆ ಇದೇ ತುಣುಕನ್ನು ಹಾಕಿಸಿದೆವು. ಅದಕ್ಕೆ ಮೊದಲು ಎರಡರಲ್ಲಿಯೂ ಅಂಗಡಿಯವರು ಇಟ್ಟಿದ್ದ ಕಣ್ಣು ಕುಕ್ಕುವ ವಿವಿಡ್ ಮೋಡನ್ನು ತೆಗೆಸಿ ಸಿನಿಮಾ ಮೋಡಿಗೆ ತರಿಸಿದೆ. ಒಂದರಲ್ಲಿ ಕತ್ತಲೆ ಕತ್ತಲೆಯಾಗಿಯೇ ಉಳಿದು ಕಿರೀಟದ ಅಂಚು ಸ್ಪಷ್ಟವಾಗಿ ಕಂಡಿತು. ಇನ್ನೊಂದರಲ್ಲಿ ರಂಗಸ್ಥಳದ ಹಿಂದಿನ ಕಪ್ಪೆಲ್ಲ ಬೂದಿಯ ಬಣ್ಣಕ್ಕೆ ತಿರುಗಿ, ಪರದೆಯ ಎರಡು ಮೂಲೆಗಳಲ್ಲಿ ಬೆಳಕು ಸೋರುತ್ತಿತ್ತು. ಪ್ಯಾನೆಲ್ಲಿನ ಬಗೆಗಳ ಕುರಿತು ಏನನ್ನೂ ಕೇಳಿಸಿಕೊಂಡಿರದ ಅಪ್ಪಯ್ಯ ಎರಡನೆಯದರ ಮುಂದೆ ನಿಂತು, “ತಮ್ಮಾ, ಇದ್ರಲ್ಲಿ ವೇಷ ಸರಿ ಕಾಣ್ತಿಲ್ಲೆ” ಎಂದರು. ಎಷ್ಟೋ ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆಟ ನೋಡಿ ಪಳಗಿದ ಕಣ್ಣಿನ ತೀರ್ಪಿಗೆ ನಾನು ಓದಿಕೊಂಡಿದ್ದ ಅಂಕಿಗಳಿಗಿಂತ ಹೆಚ್ಚಿನ ತೂಕವಿದೆ ಎಂದು ನಂಬುತ್ತೇನೆ.

ಇನ್ನು ಹೆಚ್ಚು ಹಣ ಕೊಡಬೇಕಾಗಿಲ್ಲದ ವಿಶೇಷಗಳ ಕುರಿತು. ಬೆಳಕು ಮತ್ತು ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಅಥವಾ ಡಾಲ್ಬಿ ವಿಷನ್ ಎಂಬ ಮುದ್ರೆ ಈಗ ಅಗ್ಗದ ಟಿವಿಗಳ ಮೇಲೆಯೂ ಇರುತ್ತದೆ. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ ಅಥವಾ ಅದಕ್ಕೂ ಹೆಚ್ಚಿನ ಹೊಳಪಿಗೆ ಸಿದ್ಧಪಡಿಸಿರುತ್ತಾರೆ. ಈ ಬೆಲೆಯ ಪರದೆಗಳ ಹೊಳಪು 250ರಿಂದ 300 ನಿಟ್ಸ್‌ನ ಸುತ್ತಮುತ್ತ ಇರುತ್ತದೆ. ಹೀಗಾಗಿ ಟಿವಿ ಆ ಸಂಕೇತವನ್ನು ಓದಬಲ್ಲದೇ ಹೊರತು ಅದರ ಹೊಳಪನ್ನು ತೋರಿಸಲಾರದು, ಕೆಲವೊಮ್ಮೆ ಎಚ್‌ಡಿಆರ್ ಚಿತ್ರವೇ ಮಂಕಾಗಿ ಕಾಣುತ್ತದೆ. ಕ್ಯೂಎಲ್‌ಇಡಿಯಲ್ಲಿ ಬಣ್ಣಗಳ ವ್ಯಾಪ್ತಿ ಹೆಚ್ಚುವುದು ನಿಜ, ಒಂದೆರಡು ಸಾವಿರದ ಅಂತರವಿದ್ದರೆ ಕೊಳ್ಳಬಹುದು. ಆದರೆ ಅದೂ ಹಿಂಬೆಳಕಿನ ಎಲ್‌ಸಿಡಿಯೇ ಆದ್ದರಿಂದ ಕಪ್ಪಿನ ಸಮಸ್ಯೆ ಅದರಿಂದ ಬಗೆಹರಿಯುವುದಿಲ್ಲ. ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವ ಒಎಲ್‌ಇಡಿ ನಮ್ಮ ಮಿತಿಯಿಂದ ಬಹಳ ದೂರದ ಮಾತು. ಚಲನೆಗೆ 120 ಎಂದೋ 200 ಎಂದೋ ಬರೆದಿದ್ದರೂ ಈ ವರ್ಗದ ಪ್ಯಾನೆಲ್‌ಗಳು ಹೆಚ್ಚಾಗಿ 60 ಹರ್ಟ್ಸ್‌ನವು, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವಂಥವು, ನಮ್ಮ ಚಾನೆಲ್‌ಗಳು ಪ್ರಸಾರವಾಗುವುದು 50ರಲ್ಲಿ. ಕ್ರಿಕೆಟ್ ನೋಡಲು ಅಷ್ಟು ಸಾಕು. ವಿದ್ಯುತ್ತಿನ ಲೆಕ್ಕವೂ ಅಷ್ಟೇ: 100 ವಾಟಿನ ಟಿವಿಯನ್ನು ದಿನಕ್ಕೆ ಐದು ತಾಸು ನೋಡಿದರೆ ಅರ್ಧ ಯೂನಿಟ್, ವರ್ಷಕ್ಕೆ ಸುಮಾರು 180 ಯೂನಿಟ್. ಸ್ಟಾರ್ ಒಂದು ಹೆಚ್ಚು ಕಡಿಮೆಯಾದರೆ ಆಗುವ ವ್ಯತ್ಯಾಸ ಆಯ್ಕೆಯನ್ನೇ ಬದಲಿಸುವಷ್ಟು ದೊಡ್ಡದಲ್ಲ.

ಸ್ಮಾರ್ಟ್ ವ್ಯವಸ್ಥೆಯಲ್ಲಿ ನಾನು ಕೇಳಿದ್ದು 2 ಜಿಬಿ ರ‍್ಯಾಮ್ ಮಾತ್ರ, ಏಕೆಂದರೆ 1 ಜಿಬಿ ಇರುವ ಟಿವಿಗಳು ಅಂಗಡಿಯಲ್ಲಿಯೇ ಯೂಟ್ಯೂಬ್ ತೆರೆಯಲು ತಡವರಿಸುತ್ತಿದ್ದವು. ಗೂಗಲ್ ಟಿವಿ, ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜನ್ ಇವುಗಳಲ್ಲಿ ಯಾವುದಾದರೂ ನಮ್ಮ ಕೆಲಸಕ್ಕೆ ಸಾಕು. ಹಿರಿಯರ ಮನೆಗೆ ಇದಕ್ಕಿಂತ ಮುಖ್ಯವಾದದ್ದು ರಿಮೋಟ್. ಟಿವಿ ಹಚ್ಚಿದ ಕೂಡಲೇ ಹತ್ತು ಆ್ಯಪ್‌ಗಳ ಚಿತ್ರಗಳು ಎದುರಾದರೆ ಅಮ್ಮನಿಗೆ ಅಲ್ಲಿಂದ ಧಾರಾವಾಹಿಗೆ ಹೋಗುವುದು ಕಷ್ಟ. ಹಚ್ಚಿದೊಡನೆ ನೇರವಾಗಿ ಸೆಟ್‌ಟಾಪ್ ಬಾಕ್ಸಿನ ಚಿತ್ರವೇ ಬರುವಂತೆ ಹೊಂದಿಸಲು ಆಗುತ್ತದೆಯೇ, ರಿಮೋಟಿನ ಮೇಲೆ ಇನ್‌ಪುಟ್ ಬದಲಿಸುವ ಗುಂಡಿ ಪ್ರತ್ಯೇಕವಾಗಿ ಇದೆಯೇ ಎಂದು ಅಂಗಡಿಯಲ್ಲಿಯೇ ಅಮ್ಮನ ಕೈಗೆ ರಿಮೋಟ್ ಕೊಟ್ಟು ನೋಡಿದೆವು. ನೋಡಲು ಚೆಂದವಾದ, ಗುಂಡಿಗಳೇ ಕಡಿಮೆಯಿದ್ದ ರಿಮೋಟಿನ ಒಂದು ಟಿವಿಯನ್ನು ಕೈಬಿಟ್ಟದ್ದು ಇದೊಂದೇ ಕಾರಣಕ್ಕೆ. ಎಚ್‌ಡಿಎಂಐ ಪೋರ್ಟುಗಳು ಮೂರಿರಬೇಕು; ಸೆಟ್‌ಟಾಪ್ ಬಾಕ್ಸ್‌ಗೆ ಒಂದು, ಮುಂದೆ ಬರಬಹುದಾದ ಸ್ಟಿಕ್ಕಿಗೆ ಒಂದು, ಸೌಂಡ್‌ಬಾರಿಗೆ ಎಆರ್‌ಸಿ (ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಸೌಲಭ್ಯ) ಇರುವ ಒಂದು.

ಸರ್ವಿಸ್ ವಿಚಾರವನ್ನು ಪಟ್ಟಣದವರು ಹಗುರವಾಗಿ ಕಾಣಬಹುದು, ನಾವು ಹಾಗೆ ಮಾಡುವಂತಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಕಂಪನಿಯ ಸರ್ವಿಸ್ ಅಲ್ಲಿ ಮಾತ್ರ ಇದ್ದರೆ ಒಂದು ಸಣ್ಣ ಬೋರ್ಡಿಗಾಗಿ ವಾರಗಟ್ಟಲೆ ಕಾಯಬೇಕಾಗುತ್ತದೆ. ವೆಬ್‌ಸೈಟಿನಲ್ಲಿ ಎಲ್ಲ ಪಿನ್‌ಕೋಡಿಗೂ ಸೇವೆ ಇದೆ ಎಂದಿರುವುದನ್ನು ನೆಚ್ಚದೆ, ಮೇಲೆ ಹೇಳಿದ ರಿಪೇರಿಯವರನ್ನೇ ಮತ್ತೆ ಕೇಳಿದೆ. ಯಾವ ಬ್ರ್ಯಾಂಡಿನ ಬಿಡಿಭಾಗ ತಾಲ್ಲೂಕಿಗೆ ಬೇಗ ಬರುತ್ತದೆ, ಯಾವುದರ ದೂರಿಗೆ ಮನೆಗೇ ಬಂದು ನೋಡುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಅಗ್ಗವಾಗಿದ್ದ ಎರಡು ಬ್ರ್ಯಾಂಡುಗಳು ಅವರ ಮಾತಿನಿಂದಲೇ ನಮ್ಮ ಪಟ್ಟಿಯಿಂದ ಹೊರಬಿದ್ದವು. ವಾರಂಟಿ ಇಡೀ ಟಿವಿಗೆ ಒಂದು ವರ್ಷವೋ, ಪ್ಯಾನೆಲ್ಲಿಗೆ ಇನ್ನೊಂದು ವರ್ಷ ಹೆಚ್ಚೋ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

ಬೆಲೆಯ ಮಾತಿಗೆ ಬಂದರೆ, 32 ಇಂಚಿಗಿಂತ ದೊಡ್ಡ ಟಿವಿ ಕೊಳ್ಳುವವರಿಗೆ 2025ರ ಸೆಪ್ಟೆಂಬರ್ 22ರಿಂದ ಅನುಕೂಲವಾಗಿದೆ. ಅಂದಿನಿಂದ ಅವುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 25,000 ರೂಪಾಯಿಯ ಟಿವಿ ಹಿಂದೆ 32,000 ಆಗುತ್ತಿತ್ತು, ಈಗ 29,500 ಆಗುತ್ತದೆ. ನಮ್ಮಂಥವರ ಮಿತಿಯೊಳಗೆ 43 ಇಂಚಿನ ಒಳ್ಳೆಯ ಪ್ಯಾನೆಲ್ ಬಂದಿರುವುದಕ್ಕೆ ಇದೂ ಒಂದು ಕಾರಣ. ಎಂಆರ್‌ಪಿಯ ಮೇಲೆ ಶೇ. 50 ರಿಯಾಯಿತಿ ಎಂಬ ಮಾತಿಗೆ ಅರ್ಥವಿಲ್ಲ, ಆ ಎಂಆರ್‌ಪಿಗೆ ಟಿವಿ ಮಾರಾಟವಾಗುವುದೇ ಇಲ್ಲ. ದಸರಾ, ದೀಪಾವಳಿಯ ಮಾರಾಟದಲ್ಲಿ ಬೆಲೆ ಇಳಿಯುವುದು ನಿಜವಾದರೂ ಅಂಗಡಿಯ ಬೆಲೆಯೊಂದಿಗೆ ಹೋಲಿಸುವಾಗ ಮಾದರಿಯ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಸರಿನೋಡಬೇಕು, ಏಕೆಂದರೆ ಆನ್‌ಲೈನಿಗೆಂದೇ ಒಂದೆರಡು ಅಕ್ಷರ ಬದಲಿಸಿ ಬೇರೆ ಮಾದರಿ ಬಿಡುವುದಿದೆ. ಪೆಟ್ಟಿಗೆಯ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಹಿಂದಿನ ವರ್ಷದ ಮಾದರಿಯೇ ಕಡಿಮೆಗೆ ಸಿಕ್ಕರೆ ಪ್ಯಾನೆಲ್ ಚೆನ್ನಾಗಿರುವವರೆಗೆ ನನಗೇನೂ ಅಭ್ಯಂತರವಿರಲಿಲ್ಲ. ಬಡ್ಡಿಯಿಲ್ಲದ ಕಂತು ಎಂಬುದರಲ್ಲಿಯೂ ಸಂಸ್ಕರಣಾ ಶುಲ್ಕ, ಬಡ್ಡಿಯ ಭಾಗದ ಮೇಲಿನ ಜಿಎಸ್‌ಟಿ ಸೇರಿಕೊಳ್ಳುತ್ತವೆ, ರೊಕ್ಕ ಕೊಟ್ಟವರಿಗೆ ಸಿಗುವ ರಿಯಾಯಿತಿ ಹಲವು ಬಾರಿ ತಪ್ಪುತ್ತದೆ. ನಾವು ಊರ ಪೇಟೆಯಲ್ಲಿಯೇ ಒಮ್ಮೆಗೆ ಹಣ ಕೊಟ್ಟು ತಂದೆವು. ಆನ್‌ಲೈನ್ ಬೆಲೆಗಿಂತ ಸ್ವಲ್ಪ ಹೆಚ್ಚಾದರೂ, ಮನೆಗೆ ತಂದು ಗೋಡೆಗೆ ಕೂರಿಸಿಕೊಟ್ಟರು ಮತ್ತು ಏನಾದರೂ ಆದರೆ ಹೋಗಿ ಕೇಳಲು ಎದುರಿಗೆ ಒಬ್ಬ ಮನುಷ್ಯನಿದ್ದಾನೆ. ಬ್ರ್ಯಾಂಡಿನ ಹೆಸರನ್ನು ಇಲ್ಲಿ ಬರೆಯದಿರಲು ಕಾರಣ, ಇದೇ ಹೆಸರಿನಲ್ಲಿ ಮುಂದಿನ ವರ್ಷ ಬರುವ ಟಿವಿಯೊಳಗೆ ಇದೇ ಪ್ಯಾನೆಲ್ ಇರುತ್ತದೆಂಬ ಭರವಸೆ ಇಲ್ಲದಿರುವುದು.

ಪೆಟ್ಟಿಗೆಯನ್ನು ತಂದವರ ಎದುರಿಗೇ ಬಿಚ್ಚಿಸಿ ಬಿಳಿ, ಕಪ್ಪು, ಕೆಂಪಿನ ಚಿತ್ರಗಳನ್ನು ಹಾಕಿ ಸತ್ತ ಚುಕ್ಕೆಗಳಿವೆಯೇ, ಕಲೆಗಳಿವೆಯೇ ಎಂದು ನೋಡಿದ ಮೇಲೆಯೇ ಸಹಿ ಹಾಕಿದೆ. ಪರದೆಯ ನಡುಭಾಗವು ಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ಬರುವಂತೆ ಕೂರಿಸುವುದು ವಿಎ ಪ್ಯಾನೆಲ್ಲಿಗೆ ಅಗತ್ಯ, ಕೆಳಗಿನಿಂದ ತಲೆಯೆತ್ತಿ ನೋಡಿದರೂ ಅದರ ಬಣ್ಣ ಮಾಸುತ್ತದೆ. ಡಿಶ್ ಚಾನೆಲ್‌ಗಳಿಗೆ ಶಾರ್ಪ್‌ನೆಸ್ಸನ್ನು ಪೂರ್ತಿ ಇಳಿಸಿ, ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಆಫ್ ಮಾಡಿದಾಗ ಎಸ್‌ಡಿ ಚಿತ್ರ ಕಣ್ಣಿಗೆ ಹಿತವಾಯಿತು.

ಮಲೆನಾಡಿನ ಮನೆಯಲ್ಲಿ ಟಿವಿ ಬಾಳುವುದು ಬ್ರ್ಯಾಂಡಿನಷ್ಟೇ ಸಿಡಿಲನ್ನೂ ಅವಲಂಬಿಸಿದೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗು ಶುರುವಾಗುತ್ತಿದ್ದಂತೆ ಪ್ಲಗ್ ಕೀಳುವುದು ಎಲ್ಲರಿಗೂ ರೂಢಿಯಿದೆ. ಆದರೆ ಮಾಡಿನ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲ್ಲನ್ನೂ ಬಿಚ್ಚಬೇಕು, ಇಲ್ಲವಾದರೆ ಸಿಡಿಲಿನ ಹೊಡೆತ ಅದರ ಮೂಲಕ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವಯರಿನಲ್ಲಿ ಟಿವಿಯ ಬೋರ್ಡಿಗೆ ಬರುತ್ತದೆ, ಅಂಥ ಹಾನಿ ಸಾಮಾನ್ಯವಾಗಿ ವಾರಂಟಿಯಲ್ಲಿ ಸೇರುವುದಿಲ್ಲ. ಬಳಸದ ಪೋರ್ಟುಗಳಿಗೆ ಅಂಟುಪಟ್ಟಿ ಹಚ್ಚಿದ್ದೇನೆ, ತೂತು ಕಂಡಲ್ಲೆಲ್ಲ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವ ಊರು ನಮ್ಮದು.

ಬಾಕಿ ಇರುವುದು ಧ್ವನಿ. 20 ವಾಟಿನ ಸ್ಪೀಕರ್‌ಗಳು ಕೆಳಮುಖವಾಗಿವೆ. ಧಾರಾವಾಹಿಯ ಮಾತು ಅಮ್ಮನಿಗೆ ಸ್ಪಷ್ಟವಾಗಿ ಕೇಳುತ್ತದೆ, ಚಂಡೆಯ ಪೆಟ್ಟೂ ಚೆನ್ನಾಗಿ ಬರುತ್ತದೆ, ಆದರೆ ಮದ್ದಳೆಯ ತುಂಬುದನಿ ಬರುವುದಿಲ್ಲ. ಮೂರನೆಯ ಪೋರ್ಟನ್ನು ಅದಕ್ಕಾಗಿಯೇ ಖಾಲಿ ಬಿಟ್ಟಿದ್ದೇವೆ, ಮುಂದಿನ ಅಡಿಕೆ ಮಾರಾಟವಾದ ಮೇಲೆ ಸೌಂಡ್‌ಬಾರ್ ತರುವುದೆಂದು ಅಪ್ಪಯ್ಯ ಆಗಲೇ ನಿಶ್ಚಯಿಸಿದ್ದಾರೆ.